ಉಕ್ಕಿನ ಟೊಪ್ಪಿಗೆಯ ಅಂಗಿ

ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ ವಕೀಲ ಹಾವೇರಿಯಲ್ಲಿ ನಾನೊಬ್ಬನೇ ಅಲ್ಲ. ಆದರೆ ಹಾಗೆ ಸಿಕ್ಕಿಬಿದ್ದು ನಿಂತಾಗ ಹವಾಲ್ದಾರರಿಂದ, "ಅಲ್ರಿ ವಕೀಲರ, ಮನಿ ತುಂಬ ಹೆಲ್ಮೆಟ್ಟಿನ ಅಂಗಿ ಕೂಡಿಸಿಟ್ಟೀರಂತ. ಒಳಗ ಇಡಾಕ ಒಂದರ ಹೆಲ್ಮೆಟ್ ತಗೋಬಾರದೇನ್ರಿ?" ಎಂದು ಕೇಳಿಸಿಕೊಂಡವನು ಬಹುಶಃ ನಾನೊಬ್ಬನೇ. ತಲೆ ಬೆವರುತ್ತದೆ, ಉಳಿದ ನಾಲ್ಕು ಕೂದಲೂ ಉದುರುತ್ತವೆ ಎಂದೆಲ್ಲ ವಾದಿಸಬಹುದಿತ್ತು. ವಾದಿಸಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ ನೋಡಿ.

ಹೌದು, ನಾನು ಹೆಲ್ಮೆಟ್ಟಿನ ಗವಸುಗಳನ್ನು ಸಂಗ್ರಹಿಸುತ್ತೇನೆ. ಸ್ಕೂಟರಿನ ಹೆಲ್ಮೆಟ್ಟಿನದ್ದಲ್ಲ, ಯುದ್ಧಕ್ಕೆ ಹೋದ ಸಿಪಾಯಿಗಳು ತಮ್ಮ ಉಕ್ಕಿನ ಟೊಪ್ಪಿಗೆಯ ಮೇಲೆ ಎಳೆದು ಹಾಕಿಕೊಳ್ಳುತ್ತಿದ್ದ ಗವಸು. ಕೆಲವು ದಪ್ಪ ಹಸಿರು ಬಟ್ಟೆಯವು, ಕೆಲವು ಗೋಣಿತಟ್ಟಿನವು, ಕೆಲವು ಬರೀ ಬಲೆ. ನಾಣ್ಯ ಕೂಡಿಸುವವರಿಗೆ, ಅಂಚೆಚೀಟಿ ಕೂಡಿಸುವವರಿಗೆ ಸಮಾಜದಲ್ಲಿ ಒಂದು ಮರ್ಯಾದೆ ಇದೆ. ನನಗಿಲ್ಲ. ನನ್ನ ಹೆಂಡತಿ ಸುಮಿತ್ರಾ ಮನೆಗೆ ಬಂದವರಿಗೆ ನನ್ನ ಪರಿಚಯ ಮಾಡಿಕೊಡುವುದೇ ಹೀಗೆ: "ಇವರು ಊರೂರು ತಿರುಗಿ ಟೊಪ್ಪಿಗಿಗೆ ಅಂಗಿ ಹುಡುಕ್ತಾರ್ರಿ. ತಮ್ಮ ಅಂಗಿ ಎಲ್ಲೈತಿ ಅಂತ ನನ್ನ ಕೇಳ್ತಾರ."

ಉಕ್ಕಿನ ಟೊಪ್ಪಿಗೆಗೆ ಅಂಗಿ ಯಾಕೆ ಬೇಕು ಎಂದು ನೀವೂ ಕೇಳಬಹುದು. ಉಕ್ಕಿಗೆ ಎರಡು ಕೆಟ್ಟ ಚಟಗಳಿವೆ. ಬಿಸಿಲು ಬಿದ್ದರೆ ಹೊಳೆಯುತ್ತದೆ, ಟೊಂಗೆ ತಾಗಿದರೆ ಟಣ್ ಎನ್ನುತ್ತದೆ. ಯುದ್ಧದಲ್ಲಿ ಎರಡೂ ಪ್ರಾಣಕ್ಕೆ ಸಂಚಕಾರ. ಅದಕ್ಕೇ ಮೇಲೊಂದು ಗವಸು. ಹೊಳಪನ್ನೂ ಸದ್ದನ್ನೂ ಅದು ನುಂಗಿಕೊಳ್ಳುತ್ತದೆ. ಬಟ್ಟೆಯ ಗವಸಾದರೆ ಅಲ್ಲಲ್ಲಿ ಬೇಕಂತಲೇ ಸಣ್ಣ ಸಣ್ಣ ಸೀಳುಗಳನ್ನು ಕೊಯ್ದಿರುತ್ತಾರೆ. ಆ ಸೀಳುಗಳಲ್ಲಿ ಎಲೆ, ಹುಲ್ಲು, ಸಣ್ಣ ರೆಂಬೆ ಸಿಕ್ಕಿಸಿಕೊಂಡು ಕೂತರೆ ಸಿಪಾಯಿಯ ತಲೆ ದೂರದಿಂದ ಒಂದು ಪೊದೆಯ ಹಾಗೆ ಕಾಣುತ್ತದೆ. ಈ ಸೀಳುಗಳ ವಿಷಯ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗವಸಿನ ಮೇಲಿನ ಪ್ರೀತಿ ನನ್ನೊಬ್ಬನದೇ ಏನಲ್ಲ. ನಮ್ಮ ಮನೆಯ ಮಿಕ್ಸರಿಗೆ ಹೂವಿನ ಗವಸಿದೆ. ಫ್ರಿಜ್ಜಿನ ಹಿಡಿಕೆಗೆ ಗವಸಿದೆ. ಟಿವಿಯ ರಿಮೋಟು ಕೊಂಡ ದಿನದ ಪ್ಲಾಸ್ಟಿಕ್ಕನ್ನು ಇವತ್ತಿಗೂ ಬಿಚ್ಚಿಲ್ಲ. ಒಳಗಿನ ಅಂಕಿಗಳು ಕಾಣದೆ ನಾನು ವಾರ್ತೆ ಹುಡುಕಿ ಅಡುಗೆ ಕಾರ್ಯಕ್ರಮ ನೋಡುತ್ತೇನೆ. ಹೊಲಿಗೆ ಯಂತ್ರಕ್ಕೂ ಒಂದು ಗವಸು, ಅದನ್ನು ಸುಮಿತ್ರಾ ಅದೇ ಯಂತ್ರದಲ್ಲಿ ಹೊಲಿದಿದ್ದಾಳೆ. ಆದರೂ ಮರುಳ ಎಂಬ ಹೆಸರು ಮಾತ್ರ ನನಗೆ.

ಈ ಮರುಳು ಹತ್ತಿದ್ದು ಬ್ಯಾಡಗಿಯಲ್ಲಿ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಆ ಊರಿನ ಮಕ್ಕಳು ಮಾತು ಕಲಿಯುವುದಕ್ಕೆ ಮೊದಲು ಸೀನುವುದನ್ನು ಕಲಿಯುತ್ತಾರೆ. ಅಪ್ಪನಿಗೆ ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರ ಗೋಣಿಚೀಲದ ಅಂಗಡಿ. ಅಡುಗೆಮನೆಯಲ್ಲಿ ಅವ್ವನ ಖಾರಪುಡಿಯ ಭರಣಿ. ಅದರ ಬಾಯಿಗೆ ಅವಳು ಕಟ್ಟುತ್ತಿದ್ದದ್ದು ಒಂದು ಗೋಣಿತಟ್ಟಿನ ಗುಂಡು ಗವಸು. ಅಪ್ಪನ ಅಂಗಡಿಯ ತಟ್ಟಿಗೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಅದರ ನೇಯ್ಗೆ ಸಣ್ಣದು, ಅಂಚಿಗೆ ದಾರ ಪೋಣಿಸಿತ್ತು. ಅವ್ವನ ಅಣ್ಣ, ಅಂದರೆ ನನ್ನ ಸೋದರಮಾವ, ಲಡಾಯಿ ಮುಗಿಸಿ ಬರುವಾಗ ಟೊಪ್ಪಿಗೆಯನ್ನು ಸರ್ಕಾರಕ್ಕೆ ಕೊಟ್ಟು ಗವಸನ್ನು ತಂಗಿಗೆ ತಂದಿದ್ದ. "ಭರಣಿ ಬಾಯಿ ಅಳತಿ ತಗೊಂಡು ಹೊಲದಂಗ ಕುಂತೈತಿ ನೋಡು," ಎಂದು ಅವ್ವ ಪ್ರತಿ ಸಲ ಕಟ್ಟುವಾಗಲೂ ಹೇಳುತ್ತಿದ್ದಳು. ಪ್ರತಿ ಸಲವೂ ಅದು ಅವಳಿಗೆ ಹೊಸ ಆಶ್ಚರ್ಯ.

ಅವ್ವ ಹೋದ ಮೇಲೆ ಬ್ಯಾಡಗಿಯ ಮನೆ ಮಾರಿದೆವು. ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಹಂಡೆ, ಕೊಪ್ಪರಿಗೆ, ಭರಣಿ ಎಲ್ಲ ಹಂಚಿಕೊಂಡರು. ನಾನು ಭರಣಿಯ ಬಾಯಿಯ ಬಟ್ಟೆ ಕೇಳಿದೆ. "ವಕೀಲಗ ಏನಾತೋ ಮಾರಾಯಾ," ಎಂದು ಅಣ್ಣ ಗಾಬರಿಯಾದ. ಈಗ ಅದು ಮನೆಯ ಮುಂಭಾಗದಲ್ಲೇ ಇರುವ ನನ್ನ ಆಫೀಸಿನ ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿದೆ. ಎಷ್ಟು ವರ್ಷವಾದರೂ ಖಾರದ ಘಾಟು ಹೋಗಿಲ್ಲ. ಚೌಕಟ್ಟು ಬಿಚ್ಚಿದರೆ ಸೀನು ಬರುತ್ತದೆ, ಹಿಂದೆಯೇ ಅವ್ವ ಬರುತ್ತಾಳೆ. ಕಣ್ಣಲ್ಲಿ ನೀರು ಬಂದರೆ ಖಾರದ ಮೇಲೆ ಹಾಕಿಬಿಡಬಹುದು, ಅದೊಂದು ಅನುಕೂಲ.

ಅಲ್ಲಿಂದ ಶುರುವಾದದ್ದು ಇವತ್ತು ಒಂದು ಗೋಡೆ ತುಂಬಿದೆ. ನನ್ನ ಕಸುಬು ನಿಮಗೆ ಗೊತ್ತೇ ಇದೆ. ನಮ್ಮ ಕೋರ್ಟಿನಲ್ಲಿ ನಕಲು ಕಾಗದ ಹಿಡಿದು ನಿಂತರೆ "ಅಸಲು ಎಲ್ಲಿ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಆ ಪ್ರಶ್ನೆ ನನ್ನ ರಕ್ತದಲ್ಲೇ ಸೇರಿಬಿಟ್ಟಿದೆ. ಗವಸು ನಿಜವಾಗಿ ಯುದ್ಧ ಕಂಡಿರಬೇಕು. ಬೆವರು, ಮಣ್ಣು, ಎಣ್ಣೆಯ ಕಲೆ ಎಲ್ಲ ಇದ್ದ ಹಾಗೇ ಇರಬೇಕು. ಹಾಗೆಂದು ಎಚ್ಚರದಿಂದಿದ್ದೂ ಒಮ್ಮೆ ಅಂತರಜಾಲದಲ್ಲಿ ಒಂದನ್ನು ಕೊಂಡು ಬೇಸ್ತು ಬಿದ್ದೆ. ಹಸಿರು ಬಟ್ಟೆ, ತುಂಬ ಸೀಳುಗಳು, ಹಣೆಯ ಭಾಗದಲ್ಲಿ ಕಂದು ಬಣ್ಣದ ದೊಡ್ಡ ಕಲೆ. "ಸಿಪಾಯಿಯ ಬೆವರು ನೋಡು," ಎಂದು ಸುಮಿತ್ರಾಳ ಮುಂದೆ ಹಿಡಿದೆ. ಅವಳು ಮೂಸಿ ನೋಡಿ, "ಬೆವರಲ್ರಿ, ಚಹಾ. ಸಕ್ಕರಿ ಕಡಿಮಿ ಆಗೇತಿ," ಎಂದಳು. ಹೊಸ ಬಟ್ಟೆಯನ್ನು ಚಹಾದಲ್ಲಿ ಅದ್ದಿ ಹಳೆಯದು ಮಾಡಿದ್ದರು. ಅಂದಿನಿಂದ ಆ 'ಚಹಾ ಟೊಪ್ಪಿಗೆ' ಕಪಾಟಿನಲ್ಲಿ ತಲೆಮರೆಸಿಕೊಂಡಿದೆ.

ನಕಲಿಗಿಂತ ಹೆಚ್ಚಿನ ಸಂಕಟ ನಮ್ಮ ಜನರ ಒಳ್ಳೆಯತನದಿಂದ. ಕರ್ಜಗಿಯ ಒಂದು ಮನೆಯಲ್ಲಿ ಅಜ್ಜನ ಗವಸಿದೆ ಎಂದು ಸುದ್ದಿ ಬಂತು. ನಾಳೆ ಬರುತ್ತೇನೆ ಎಂದು ಫೋನ್ ಮಾಡಿದೆ; ಮಾಡಬಾರದಿತ್ತು. ಹೋಗುವಷ್ಟರಲ್ಲಿ ಅದನ್ನು ಸಾಬೂನು ಹಚ್ಚಿ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಕರವಸ್ತ್ರದಂತೆ ಮಡಚಿ, ತಟ್ಟೆಯಲ್ಲಿ ಎಲೆಅಡಿಕೆಯ ಜೊತೆ ಇಟ್ಟಿದ್ದರು. ಯುದ್ಧದ ಒಂದು ಕಲೆಯೂ ಉಳಿದಿರಲಿಲ್ಲ. "ಎಷ್ಟ್ ಹೊಲಸಾಗಿತ್ರಿ ಅದು! ಹಂಗ ಹೆಂಗ ಕೊಡೂದು?" ಎಂದು ಮನೆಯ ಯಜಮಾನಿ ಹೆಮ್ಮೆಯಿಂದ ನಕ್ಕರು. ನಮ್ಮ ಕಡೆ ಹಾಗೇ. ಹೊಲಸಾದದ್ದನ್ನು, ಹರಿದದ್ದನ್ನು ಹಾಗೇ ಇನ್ನೊಬ್ಬರ ಕೈಗೆ ಕೊಟ್ಟರೆ ಮನೆತನದ ಮಾನ ಹೋಗುತ್ತದೆ. ಅವತ್ತಿನಿಂದ ಫೋನಿನಲ್ಲಿ ನನ್ನ ಮೊದಲ ಮಾತೇ "ಒಗೀಬ್ಯಾಡ್ರಿ" ಎಂದಾಯಿತು. ಹಲವರು ರಾಂಗ್ ನಂಬರ್ ಎಂದು ಇಟ್ಟುಬಿಟ್ಟಿದ್ದಾರೆ.

ಈಗ ಐರಣಿಯ ವಿಷಯಕ್ಕೆ ಬರುತ್ತೇನೆ. ಇಷ್ಟೆಲ್ಲ ಸುತ್ತಾಡಿಸಿದ್ದು ಅದಕ್ಕಾಗಿಯೇ.

ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಪಾಠ ಮಾಡುವ ಶಿವಲೀಲಾ ಎಂಬುವರು ತಮ್ಮ ನಿವೇಶನದ ಕಾಗದ ತೋರಿಸಲು ನನ್ನ ಆಫೀಸಿಗೆ ಬಂದಿದ್ದರು. ಅವತ್ತು ಗೋಡೆಯ ಮೇಲಿದ್ದದ್ದು ಬ್ಯಾಡಗಿಯ ಗವಸೊಂದೇ. ಉಳಿದವನ್ನು ಹೊಸ ಚೌಕಟ್ಟಿಗೆಂದು ಇಳಿಸಿ ಕೊಟ್ಟಿದ್ದೆ. ಅದನ್ನೇ ದಿಟ್ಟಿಸಿ ನೋಡಿ, "ನಮ್ಮಪ್ಪಂದೂ ಹಿಂತಾದೊಂದು ಐತ್ರಿ ಸರ್, ಬಟ್ಟೀದು. ಎಪ್ಪತ್ತೊಂದರ ಲಡಾಯಿಗೆ ಹೋಗಿದ್ರು. ಅವ್ವನ ಕಡೆ ಇರಬೇಕು," ಎಂದರು. ಅಪ್ಪ ಬಸಪ್ಪನವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ತಾಯಿ ಗಂಗವ್ವ ಐರಣಿಯಲ್ಲಿ ಮಗನ ಸಂಸಾರದ ಜೊತೆ ಇದ್ದರು. ನಾನು ಕಾಗದ ಅಲ್ಲೇ ಬಿಟ್ಟು, "ಒಗೀಬ್ಯಾಡ್ರಿ ಅಂತ ಹೇಳ್ರಿ ಅವರಿಗೆ," ಎಂದೆ.

ಐರಣಿಯಲ್ಲಿ ತುಂಗಭದ್ರೆಯ ಗಾಳಿ ಬೀಸುವ ಕಟ್ಟೆಯ ಮೇಲೆ ಗಂಗವ್ವ ಕೌದಿ ಹೊಲಿಯುತ್ತ ಕೂತಿದ್ದರು. ಹಳೆಯ ಸೀರೆ, ಧೋತರಗಳ ತುಂಡುಗಳನ್ನು ಸೇರಿಸಿ ಸಾಲು ಸಾಲಾಗಿ ಹೊಲಿಗೆ ಹಾಕುವ ಕೌದಿ. "ಬರ್ರಿ, ಕುಂದ್ರಿ. ಒಗದಿಲ್ಲ ನೋಡ್ರಿ, ನೀವು ಹೇಳಿದಂಗ ಹಂಗ ಇಟ್ಟೇನಿ," ಎಂದು ಒಳಗಿಂದ ತಂದು ಕೈಗಿತ್ತರು. ನಿಜ, ಒಗೆದಿರಲಿಲ್ಲ. ಬಣ್ಣ ಮಾಸಿದ ಹಸಿರು ಬಟ್ಟೆ, ಬೆವರು, ಮಣ್ಣು, ಸುತ್ತಲೂ ಬಳೆಯಂತೆ ಒಂದು ಕಪ್ಪು ಪಟ್ಟಿಯ ಗುರುತು. ಮನಸ್ಸಿನಲ್ಲೇ ಚೌಕಟ್ಟಿಗೆ ಅಳತೆ ಹಾಕತೊಡಗಿದೆ. ತಿರುಗಿಸಿ ನೋಡಿದೆ. ಅಳತೆ ಅಲ್ಲಿಗೇ ನಿಂತುಬಿಟ್ಟಿತು. ಎಲೆ ಸಿಕ್ಕಿಸುವ ಸೀಳುಗಳೆಲ್ಲ ಒಂದೂ ಬಿಡದಂತೆ ಕಪ್ಪು ದಾರದಿಂದ ಒತ್ತೊತ್ತಾಗಿ ಹೊಲಿದುಹೋಗಿದ್ದವು.

"ಇದನ್ನ ನೀವ ಹೊಲದ್ರೇನ್ರಿ?"

"ಹೂನ್ರಿ, ನಾನ ಹೊಲದೇನಿ! ಎಷ್ಟ್ ಹರದಿತ್ತು ಅಂತೀರಿ!" ಗಂಗವ್ವನ ಮುಖ ಅರಳಿತು. "ಮನ್ಯಾಗಿದ್ರ ಇಲಿ ಕಡೀತಾವ. ನಿಮ್ಮಲ್ಲೆ ನಾಕು ಮಂದಿ ನೋಡ್ಲಿ. ಹೊಲಿಗಿ ಕಾಣೂ ಹಂಗ ಇಡ್ರಿ ಮತ್ತ."

ಒಗೆಯಬೇಡಿ ಎಂದಿದ್ದೆ, ಹೊಲಿಯಬೇಡಿ ಎಂದಿರಲಿಲ್ಲ. ನಾನು ಬರುತ್ತೇನೆಂದು ತಿಳಿದು ಹಿಂದಿನ ದಿನ ಕೂತು ಹೊಲಿದಿದ್ದಾರೆ, ಕರ್ಜಗಿಯ ಕಥೆಯೇ ಮತ್ತೆ ಎಂದುಕೊಂಡೆ. ಸಾಕ್ಷಿಗಳಿಗೆ ಪಾಟೀಸವಾಲು ಹಾಕುವುದೇ ನನ್ನ ಹೊಟ್ಟೆಪಾಡು. ಆದರೂ ಕೇಳಬೇಕಾದ ಒಂದೇ ಒಂದು ಪ್ರಶ್ನೆ, 'ಯಾವಾಗ ಹೊಲಿದಿರಿ?' ಎಂಬುದು, ನನಗೆ ಹೊಳೆಯಲಿಲ್ಲ. ಮಂಡಕ್ಕಿ ತಿಂದು, ಚಹಾ ಕುಡಿದು, ಸಪ್ಪೆ ಮುಖ ಹಾಕಿಕೊಂಡು ಹಾವೇರಿಗೆ ಬಂದೆ.

ಮರುದಿನ ರವಿವಾರ. ಸುಮಿತ್ರಾಳ ಪುಟ್ಟ ಕತ್ತರಿ, ಸೂಜಿ, ನನ್ನ ಭೂತಗನ್ನಡಿ ಇಟ್ಟುಕೊಂಡು ಹೊಲಿಗೆ ಬಿಚ್ಚಲು ಕೂತೆ. ಗಂಗವ್ವನ ಹೊಲಿಗೆ ತೆಗೆದರೆ ಗವಸು ಮತ್ತೆ ಅಸಲಾಗುತ್ತದೆ, ಅವರಿಗೇನು ಗೊತ್ತಾಗುತ್ತದೆ ಎಂಬ ಲೆಕ್ಕಾಚಾರ. ಕತ್ತರಿಸುವ ಮುಂಚೆ ಮೊದಲ ಎಳೆಯನ್ನು ಸೂಜಿಯಿಂದ ತುಸು ಎತ್ತಿದೆ. ಎಳೆಯ ಅಡಿಭಾಗ ಕೆಂಪಗಿತ್ತು. ಬ್ಯಾಡಗಿಯ ಮೆಣಸಿನಕಾಯಿಯ ಕೆಂಪು. ಇನ್ನೊಂದು ಎತ್ತಿದೆ, ಅದೂ ಕೆಂಪು. ಮೇಲೆ ಮಾತ್ರ ಕಪ್ಪು. ಗಾಜು ಹಿಡಿದು ನೋಡಿದರೆ ಆ ಕಪ್ಪು ದಾರದ ಬಣ್ಣವೇ ಅಲ್ಲ. ಬೂಟಿಗೆ ಹಚ್ಚುವ ಪಾಲಿಶ್, ಒಣಗಿ ಬಿರುಕು ಬಿಟ್ಟದ್ದು. ಯಾರೋ ಪ್ರತಿ ಹೊಲಿಗೆಯ ಮೇಲೂ, ಹೊಲಿಗೆಯ ಮೇಲೆ ಮಾತ್ರ, ಬೆರಳ ತುದಿಯಿಂದ ಜೋಪಾನವಾಗಿ ಪಾಲಿಶ್ ಸವರಿದ್ದರು.

ಕತ್ತರಿ ಕೆಳಗಿಟ್ಟೆ. ಈ ಕೆಂಪು ದಾರ ವೈರಿಯ ಕಣ್ಣಿಗೆ ಬೀಳಬಾರದೆಂದು ಪಾಲಿಶ್ ಸವರುವವರು ಯಾರು? ಸಿಪಾಯಿ. ಅಂದರೆ ಈ ಹೊಲಿಗೆ ಹಿಂದಿನ ದಿನದ್ದಲ್ಲ. ಇದು ಯುದ್ಧಕ್ಕೆ ಹೋಗಿ ಬಂದ ಹೊಲಿಗೆ. "ಸುಮಿತ್ರಾ, ನಾ ಐರಣಿಗೆ ಹೋಗಿ ಬರ್ತೇನಿ," ಎಂದೆ. "ನಿನ್ನೆ ಹೋಗಿದ್ರಲ್ಲ, ಅವರ ಮನಿ ಉಪ್ಪಿಟ್ಟು ಹಂಗ ರುಚಿ ಇತ್ತೇನು?" ಎಂದಳು. ಉಪ್ಪಿಟ್ಟಲ್ಲ, ಮಂಡಕ್ಕಿ ಎಂದು ತಿದ್ದುವಷ್ಟೂ ವ್ಯವಧಾನ ನನಗಿರಲಿಲ್ಲ.

"ಯಾವಾಗ ಹೊಲದ್ರಿ ಅವ್ವಾರ?" ಈ ಸಲ ಕಟ್ಟೆ ಹತ್ತುವ ಮೊದಲೇ ಕೇಳಿದೆ.

ಗಂಗವ್ವ ಸೂಜಿಯನ್ನು ಕೌದಿಗೆ ಚುಚ್ಚಿಟ್ಟು ಹೇಳಿದರು. ಗಂಡನ ಹೆಸರು ಹೇಳುವ ರೂಢಿ ಅವರಿಗಿಲ್ಲ. "ಲಗ್ನ ಆದ ಹೊಸತಾಗ್ರಿ. ನಮ್ಮ ಮನಿಯವರು ಸೂಟಿ ಹಾಕಿ ಊರಿಗೆ ಬಂದಿದ್ರು. ಒಗಿಯಾಕಂತ ಅವರ ಗಂಟು ಬಿಚ್ಚಿದ್ರ ಅದರಾಗ ಈ ಟೊಪ್ಪಿಗಿ ಅಂಗಿ. ನೋಡ್ತೇನಿ, ಎಲ್ಲಾ ಕಡೆ ಹರದೈತಿ! ನನಗ ಎಷ್ಟ್ ಸಿಟ್ಟು ಬಂತ್ರಿ. ದೇಶಾ ಕಾಯಾಕ ಕಳಿಸ್ತಾರ, ತಲಿಗೆ ಒಂದು ನೆಟ್ಟಗಿನ ಬಟ್ಟಿ ಕೊಡಂಗಿಲ್ಲ ಇವರು ಅಂತ. ಅವರು ಹೊಳಿಗೆ ಹೋಗಿದ್ರು. ಬರೂದ್ರಾಗ ಕುಂತು ಎಲ್ಲಾ ಹೊಲದೆ. ಕೌದಿ ದಾರ, ಗಟ್ಟಿ ಇರತೈತಿ."

"ಅವರು ನೋಡಿ ಏನಂದ್ರು?"

"ಕೈಯಾಗ ಹಿಡಕೊಂಡು ಬಾಳೊತ್ತು ನೋಡಿದ್ರು. ನಂಗ ಅಂಜಿಕಿ ಆತು. ಆಮ್ಯಾಲ, 'ಚಲೋ ಮಾಡಿದಿ, ಬಾಳ ದಿನದಿಂದ ಹಂಗ ಹರದಿತ್ತು' ಅಂದ್ರು. ಅದನ್ನ ಹಾಕ್ಕೊಂಡು ಲಡಾಯಿಗೆ ಹ್ವಾದ್ರು. ಸುತ್ತಲೂ ಸೈಕಲ್ ಟ್ಯೂಬಿನ ಪಟ್ಟಿ ಅವರ ಹಾಕ್ಕೊಂಡಿದ್ರು, ಯಾಕೋ ಏನೋ."

ಯಾಕೆಂದು ನನಗೆ ತಿಳಿಯಿತು. ಸೀಳು ಮುಚ್ಚಿಹೋದ ಮೇಲೆ ಎಲೆ ಸಿಕ್ಕಿಸಲು ಬೇರೆ ದಾರಿ ಬೇಕಲ್ಲ. ಹೊಲಿಗೆ ಕತ್ತರಿಸಿಬಿಡುವುದು ಎಷ್ಟು ಸುಲಭವಿತ್ತು. ಬಸಪ್ಪನವರು ಟ್ಯೂಬು ಹುಡುಕಿ, ಕೊಯ್ದು, ಪಟ್ಟಿ ಕಟ್ಟಿ, ಅದರಲ್ಲಿ ಎಲೆ ಸಿಕ್ಕಿಸಿಕೊಂಡರು. ಜೊತೆಯವರು ನಗಾಡಿರಬಹುದು, ಮೇಲಿನವರು ಬೈದಿರಬಹುದು. ಅದೆಲ್ಲ ನನ್ನ ಊಹೆ. ಪಾಲಿಶ್ ಮಾತ್ರ ಊಹೆಯಲ್ಲ.

"ಲಡಾಯಿ ಮುಗಿಸಿ ಬಂದು ಏನಂದ್ರು ಗೊತ್ತೈತೇನ್ರಿ?" ಗಂಗವ್ವನ ದನಿ ಸಣ್ಣಗಾಯಿತು. "'ನೀ ಹೊಲದಿದ್ದಿಕ್ಕ ನನ್ನ ತಲಿ ಉಳೀತು ನೋಡು' ಅಂದ್ರು. ಸಾಯೂತನಕಾ ಅದನ್ನ ಅಂತಿದ್ರು. ನಾ ಸಾಲಿ ಕಲ್ತಾಕಿ ಅಲ್ರಿ, ಏನೂ ತಿಳಿಯಂಗಿಲ್ಲ. ಆದ್ರ ಅದೊಂದು ನನ್ನ ಕೈಲಿ ಆತು."

ಅಯ್ಯೋ! ನನ್ನ ನಾಲಿಗೆಯ ತುದಿಗೆ ಬಂದಿತ್ತು ನೋಡಿ. 'ಅವ್ವಾರ, ಅವು ಹರಿದಿರಲಿಲ್ಲ, ಬೇಕಂತಲೇ ಕೊಯ್ದದ್ದು' ಎಂಬ ಮಾತು. ಸತ್ಯವನ್ನು ಸತ್ಯ ಎನ್ನಲು ನಮಗೆ ಕಲಿಸಿರುತ್ತಾರೆ, ಅಸಲನ್ನು ಅಸಲು ಎನ್ನಲು. ಆದರೆ ಆ ಮಾತು ಹೇಳುವ ಮೊದಲ ಹಕ್ಕು ಬಸಪ್ಪನವರದಾಗಿತ್ತು. ಜೀವಮಾನವಿಡೀ ಆಕೆಯ ಎದುರು ಕೂತು ರೊಟ್ಟಿ ತಿಂದರು, ಹೇಳಲಿಲ್ಲ. ಸಂಗಾತಿಗಳು ಬಂದಾಗ ನಗೆಚಾಟಿಕೆಗೂ ಹೇಳಲಿಲ್ಲ. ಸಾಯುವಾಗಲೂ ಹೇಳಲಿಲ್ಲ. ಅವರು ಅಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ಒಂದು ಕಪ್ ಚಹಾ ಕುಡಿಯಲು ಬಂದ ನಾನು ಕೆಡಿಸಿದರೆ ನನ್ನಂಥ ದರಿದ್ರ ಇನ್ನೊಬ್ಬನಿಲ್ಲ. "ಹೌದ್ರಿ ಅವ್ವಾರ, ಬಾಳ ಗಟ್ಟಿ ಹೊಲಿಗಿ," ಎಂದೆ. ಕಣ್ಣು ಒರೆಸಿಕೊಂಡೆ. ಹತ್ತಿರದಲ್ಲಿ ಖಾರದ ಭರಣಿಯೂ ಇರಲಿಲ್ಲ, ನೆಪ ಹೇಳಲು.

ಹೊಲಿಗೆ ಕಾಣುವ ಹಾಗೆ ಚೌಕಟ್ಟು ಮಾಡಿಸಿದೆ. ಹೊಸ ಚೌಕಟ್ಟಿನಲ್ಲಿ ತಿರುಗಿ ಬಂದ ಉಳಿದವುಗಳ ನಟ್ಟನಡುವೆ ಅದನ್ನು ತೂಗುಹಾಕಿದೆ. ಒಂದು ದಿನ ಶಿವಲೀಲಾ ತಾಯಿಯನ್ನು ಕರೆದುಕೊಂಡು ನೋಡಲು ಬಂದರು. ಸುಮಿತ್ರಾಳಿಗೆ ನಾನು ಎಲ್ಲ ಹೇಳಿಟ್ಟಿದ್ದೆ. ಗಂಗವ್ವ ತಮ್ಮ ಗಂಡನ ಗವಸಿನ ಮುಂದೆ ಸೆರಗು ಹೊದ್ದು ನಿಂತರು. ಗಾಜಿನ ಮೇಲಿಂದಲೇ ಹೊಲಿಗೆಗಳನ್ನು ಒಂದೊಂದಾಗಿ ಸವರಿದರು. ಆಮೇಲೆ ಗೋಡೆಯುದ್ದಕ್ಕೂ ನಡೆಯುತ್ತ ಉಳಿದ ಗವಸುಗಳನ್ನು ನೋಡಿದರು. ಅದರಲ್ಲೂ ಸೀಳು, ಇದರಲ್ಲೂ ಸೀಳು. ಈ ಗೋಡೆಯೇ ಬಾಯಿಬಿಟ್ಟು ಹೇಳಿಬಿಡುತ್ತದಲ್ಲ ಎಂಬುದು ನನಗೆ ಆಗ ಹೊಳೆಯಬೇಕೇ! ಶಿವಲೀಲಾ ಸಾಲು ಸಾಲು ಸೀಳುಗಳನ್ನು ನೋಡಿದರು, ಅವ್ವನ ಹೊಲಿಗೆ ನೋಡಿದರು, ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ. ಅವರು ಏನೂ ಅನ್ನಲಿಲ್ಲ, ಅಪ್ಪನ ಮಗಳು.

ಗಂಗವ್ವ ಗೋಡೆಯ ಕೊನೆಗೆ ಹೋಗಿ ನಿಂತು ಲೊಚಗುಟ್ಟಿದರು.

"ಪಾಪ, ಇವರಿಗೆಲ್ಲಾ ಹೊಲದು ಕೊಡವರು ಯಾರೂ ಇರಲಿಲ್ಲೇನ್ರಿ?"

"ಇರಲಿಲ್ಲ ಕಾಣಸ್ತೈತ್ರಿ," ಎಂದೆ.

"ಒಂದು ಸೂಜಿ ದಾರ ಕೊಡ್ರಿ ಹಂಗಾರ. ಸುಮ್ನ ಕುಂತು ಏನ್ ಮಾಡ್ಲಿ."

ನಾನು ಗೋಡೆಗೆ ಅಡ್ಡ ನಿಂತೆ. ಆದರೆ ನನ್ನ ಹೆಂಡತಿಯ ತಲೆ ನನ್ನದಕ್ಕಿಂತ ಲಗೂ ಓಡುತ್ತದೆ. ಕಪಾಟು ತೆಗೆದು ಚಹಾ ಟೊಪ್ಪಿಗೆ ತಂದು, "ಇದ ಬಾಳ ಹರದೈತ್ರಿ ಅವ್ವಾ, ಮೊದಲ ಇದನ್ನ ಹೊಲೀರಿ," ಎಂದು ಕೆಂಪು ದಾರದ ಉಂಡೆಯ ಸಮೇತ ಮುಂದಿಟ್ಟಳು. ಗಂಗವ್ವ ಸಂಜೆಯ ಬಸ್ಸಿನ ಹೊತ್ತಿನವರೆಗೂ ಕೂತು ಹೊಲಿದರು. ಯಾವ ಯುದ್ಧವನ್ನೂ ಕಾಣದ ಆ ನಕಲಿ ಗವಸು ಈಗ ಬಸಪ್ಪನವರ ಗವಸಿನ ಪಕ್ಕದಲ್ಲೇ ಗೋಡೆಯ ಮೇಲಿದೆ. ಅದನ್ನು ಇಳಿಸುವ ಧೈರ್ಯ ನನಗಿಲ್ಲ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಗಂಗವ್ವ ಹೊರಡುವಾಗ ನನ್ನ ಸ್ಕೂಟರು ನೋಡಿ, ಹೆಲ್ಮೆಟ್ ಇಲ್ಲದ್ದು ನೋಡಿ ಸುಮಿತ್ರಾಳ ಕಿವಿಯಲ್ಲಿ ಏನೋ ಹೇಳಿಹೋದರು. ಎರಡು ದಿನಕ್ಕೆ ಮನೆಗೆ ಹೆಲ್ಮೆಟ್ ಬಂತು. ಮರುದಿನ ಅದಕ್ಕೊಂದು ಗವಸೂ ಬಂತು: ಮಿಕ್ಸರಿನದೇ ಬಟ್ಟೆ, ಹಳದಿ ಹೂವು, ಅಂಚಿಗೆ ಕೆಂಪು ದಾರದ ಹೊಲಿಗೆ. "ಬಿಸಲಾಗ ತಲಿ ಕಾಯಂಗಿಲ್ಲ ಈಗ. ಹೆಂಗಾಗೇತಿ?" ಎಂದು ಸುಮಿತ್ರಾ ಬಾಗಿಲಲ್ಲಿ ನಿಂತಳು. ಮೊದಲಿನ ನಾನಾಗಿದ್ದರೆ ಏನೆನ್ನುತ್ತಿದ್ದೆನೋ. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದೆ.

"ಚಲೋ ಮಾಡಿದಿ," ಎಂದೆ. "ಬಾಳ ದಿನದಿಂದ ಬೇಕಾಗಿತ್ತು."

ಕೋರ್ಟಿನ ದಾರಿಯಲ್ಲಿ ಅದೇ ಹವಾಲ್ದಾರರು ನಿಂತಿದ್ದರು. ಊದಲೆಂದು ಬಾಯಿಗಿಟ್ಟ ಪೀಪಿ ನಗುವಿಗೆ ಜಾರಿಬಿತ್ತು. ನಾನು ಸ್ಕೂಟರು ನಿಧಾನ ಮಾಡಿ, ಹೊಲಿಗೆ ಕಾಣುವ ಹಾಗೆ ತಲೆಯನ್ನು ತುಸು ಬಾಗಿಸಿ ಮುಂದೆ ಹೋದೆ.